ಪಾಲು ಹಂಚಿದವನ ಹೆಸರು: ಮಲೆನಾಡಿನ ಜಿಂಕೆ ಶಿಕಾರಿಯ ಬಗ್ಗೆ

(ಮಲೆನಾಡಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಸುತ್ತಲಿನ ರೈತರು ಮತ್ತು ಕೆಲವು ಅರಣ್ಯ ಸಿಬ್ಬಂದಿ ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವೂ ಇಲ್ಲಿದೆ.)

ಎಲ್ಲರಿಗೂ ನಮಸ್ಕಾರ.

ಜನ ಜಿಂಕೆಯನ್ನು ಯಾಕೆ ಹೊಡೆಯುತ್ತಾರೆ? ಯಾರನ್ನೇ ಕೇಳಿ, ‘ಮಾಂಸಕ್ಕೆ, ಇನ್ಯಾಕೆ?’ ಅನ್ನುತ್ತಾರೆ. ಆದರೆ ಬರೀ ಮಾಂಸ ಬೇಕಾದವನಿಗೆ ಪೇಟೆಯಲ್ಲಿ ಕೋಳಿ ಸಿಗುತ್ತದೆ, ಭಾನುವಾರ ಕುರಿ ಸಿಗುತ್ತದೆ. ರಾತ್ರಿಯಿಡೀ ಇಂಬಳಕ್ಕೆ ರಕ್ತ ಕೊಟ್ಟು, ಜೈಲಿನ ಭಯವನ್ನು ಬೆನ್ನಿಗೆ ಕಟ್ಟಿಕೊಂಡು, ಅರ್ಧಕ್ಕರ್ಧ ದಿನ ಬರಿಗೈಯಲ್ಲಿ ಮನೆಗೆ ಬರುವವನಿಗೆ ಬೇಕಾದದ್ದು ಮಾಂಸದ ಜೊತೆಗೆ ಇನ್ನೇನೋ ಇದೆ. ಆ ‘ಇನ್ನೇನೋ’ ಯಾವುದು ಎಂಬುದೇ ಇವತ್ತಿನ ನನ್ನ ಮಾತು.

ಮೊದಲೇ ಒಂದು ಸ್ಪಷ್ಟನೆ. ಬೇಟೆ ನಿಂತಿರಬೇಕು ಎಂದು ನಂಬುವವನು ನಾನು. ಬೇಟೆಗಾರನನ್ನು ಸಮರ್ಥಿಸಲು ಇಲ್ಲಿ ನಿಂತಿಲ್ಲ. ಆದರೆ ಒಂದು ಕೆಲಸವನ್ನು ನಿಲ್ಲಿಸಬೇಕಾದರೆ ಅದನ್ನು ಮಾಡುವವನಿಗೆ ಅದರಿಂದ ಏನು ಸಿಗುತ್ತದೆ ಎಂಬುದು ಗೊತ್ತಿರಬೇಕು. ಅದು ಗೊತ್ತಿಲ್ಲದೆ ಹಾಕಿದ ಫಲಕಗಳು, ಮಾಡಿದ ಭಾಷಣಗಳು ನಮ್ಮ ಕಾಡಂಚಿನ ಊರುಗಳಲ್ಲಿ ಯಾರನ್ನೂ ತಟ್ಟಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ಕೇಳುವುದೇ ಕಷ್ಟ. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಾರಿಕೆಗೆ ಕಟ್ಟುಪಾಡು ಹಾಕುವ ರೆಗ್ಯುಲೇಷನ್ ತಂದಿತ್ತು. ಆದರೂ ಲೈಸೆನ್ಸ್ ಪಡೆದು ಶಿಕಾರಿ ಮಾಡುವುದು ಆಗ ಮರ್ಯಾದಸ್ಥರ ಹವ್ಯಾಸವೇ ಆಗಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲೂ ಕೆಲವು ಪ್ರಾಣಿಗಳನ್ನು ಲೈಸೆನ್ಸ್ ಮೇಲೆ ಹೊಡೆಯಲು ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಇವತ್ತು ಕೊಂದವನಷ್ಟೇ ಅಲ್ಲ, ಉರುಳು ಒಡ್ಡಿದವನು, ಪ್ರಾಣಿಯನ್ನು ಓಡಿಸಿಕೊಟ್ಟವನು, ಹೊಡೆಯಲು ಹೋಗಿ ಗುರಿ ತಪ್ಪಿದವನು, ಎಲ್ಲರೂ ಕಾನೂನಿನ ಕಣ್ಣಲ್ಲಿ ಬೇಟೆಗಾರರೇ. ಹಾಗಾಗಿ ‘ನೀವು ಯಾಕೆ ಶಿಕಾರಿಗೆ ಹೋಗ್ತೀರಿ?’ ಎಂದು ಕೇಳಿದರೆ, ಅದಕ್ಕೆ ಬರುವ ಉತ್ತರ ತಪ್ಪೊಪ್ಪಿಗೆ ಆಗಿಬಿಡುತ್ತದೆ. ಯಾರು ಬಾಯಿ ಬಿಡುತ್ತಾರೆ?

ಅಮೆರಿಕದಲ್ಲಿ ಈ ತೊಡಕಿಲ್ಲ. ಅಲ್ಲಿ ಜಿಂಕೆ ಬೇಟೆಗೆ ಸೀಸನ್ ಇದೆ, ಲೈಸೆನ್ಸ್ ಇದೆ, ಲಕ್ಷಾಂತರ ಜನ ಬಹಿರಂಗವಾಗಿ ಹೋಗುತ್ತಾರೆ. ಹಾಗಾಗಿ ಅಲ್ಲಿನ ಸಂಶೋಧಕರು ನೇರವಾಗಿ ಬೇಟೆಗಾರರನ್ನೇ ಕೇಳಿದ್ದಾರೆ. ಯೇಲ್ ವಿಶ್ವವಿದ್ಯಾಲಯದ ಸ್ಟೀಫನ್ ಕೆಲ್ಲರ್ಟ್ 1970ರ ದಶಕದಲ್ಲಿ ಮಾಡಿದ ಅಧ್ಯಯನದಲ್ಲಿ ಬೇಟೆಗಾರರು ಮೂರು ಗುಂಪಾಗಿ ಕಂಡರು. ಮಾಂಸಕ್ಕಾಗಿ ಹೋಗುವವರು ಸುಮಾರು ಶೇ. 44, ಆಟ ಮತ್ತು ಪೈಪೋಟಿಯ ಖುಷಿಗೆ ಹೋಗುವವರು ಸುಮಾರು ಶೇ. 39, ಕಾಡಿನ ಒಡನಾಟಕ್ಕಾಗಿ ಹೋಗುವವರು ಶೇ. 18ರ ಆಸುಪಾಸು. ಕಾಲ ಬದಲಾದ ಹಾಗೆ ಈ ಲೆಕ್ಕವೂ ಬದಲಾಗಿದೆ. ಮಾಂಸವೇ ಮುಖ್ಯ ಕಾರಣ ಎಂದವರು 2006ರ ಸಮೀಕ್ಷೆಯೊಂದರಲ್ಲಿ ಶೇ. 22 ಇದ್ದರೆ 2013ರಲ್ಲಿ ಶೇ. 35 ಆದರು. ಹೊಟ್ಟೆ ತುಂಬಿದ ದೇಶದಲ್ಲಿ ಮಾಂಸದ ಕಾರಣ ಹೆಚ್ಚಾಗಿದ್ದು ಗಮನಿಸಬೇಕಾದ ಸಂಗತಿ. ಆರ್ಥಿಕ ಹಿಂಜರಿತ ಒಂದು ಕಾರಣ. ಫಾರಂನಲ್ಲಿ ಔಷಧಿ ತಿಂದು ಬೆಳೆದ ಮಾಂಸ ಬೇಡ, ತಿನ್ನುವುದು ಎಲ್ಲಿಂದ ಬಂತೆಂದು ಗೊತ್ತಿರಬೇಕು ಎಂಬ ಹೊಸ ಆಸೆ ಇನ್ನೊಂದು ಕಾರಣ.

ಅದೇ ದೇಶದ ವಿಸ್ಕಾನ್ಸಿನ್‌ನಲ್ಲಿ ಜಾಕ್ಸನ್ ಮತ್ತು ನಾರ್ಟನ್ ಎಂಬ ಇಬ್ಬರು ಪ್ರಾಧ್ಯಾಪಕರು ಸಾವಿರಕ್ಕೂ ಹೆಚ್ಚು ಬೇಟೆಗಾರರನ್ನು ಮಾತಾಡಿಸಿ ಇನ್ನೊಂದು ವಿಷಯ ಕಂಡುಕೊಂಡರು: ಒಬ್ಬನೇ ಮನುಷ್ಯನ ಕಾರಣ ವಯಸ್ಸಿನೊಂದಿಗೆ ಬದಲಾಗುತ್ತದೆ. ಹುಡುಗನಿಗೆ ಗುಂಡು ಹಾರಿಸುವುದೇ ಖುಷಿ. ಆಮೇಲೆ ಎಷ್ಟು ಹೊಡೆದೆ ಎಂಬ ಲೆಕ್ಕ. ಆಮೇಲೆ ದೊಡ್ಡ ಕೊಂಬಿನ ಗಂಡೇ ಬೇಕೆಂಬ ಹಟ. ಅದಾದ ಮೇಲೆ ಹೇಗೆ ಹೊಡೆದೆ ಎಂಬುದು ಮುಖ್ಯವಾಗಿ, ಕೆಲವರು ಬಂದೂಕು ಬಿಟ್ಟು ಬಿಲ್ಲು ಬಾಣ ಹಿಡಿಯುತ್ತಾರೆ. ಕೊನೆಗೆ ಕಾಡಿನಲ್ಲಿ, ಜೊತೆಗಾರರೊಂದಿಗೆ ಇದ್ದರೆ ಸಾಕು, ಹೊಡೆಯದಿದ್ದರೂ ನಡೆಯುತ್ತದೆ ಎಂಬ ಹಂತ. ಎಲ್ಲರೂ ಕೊನೆಯ ಹಂತದವರೆಗೆ ಹೋಗುವುದಿಲ್ಲ ಅನ್ನಿ.

ಈ ಐದು ಹಂತ ಓದಿದಾಗ ನನಗೆ ನಮ್ಮ ಊರಿನ ಹಿರಿಯರು ಒಬ್ಬೊಬ್ಬರಾಗಿ ನೆನಪಾದರು. ಆದರೆ ಅಲ್ಲಿನ ಲೆಕ್ಕದಲ್ಲಿ ಒಂದು ಕೊರತೆಯೂ ಕಂಡಿತು. ಅಲ್ಲಿ ಕೇಳಿದ್ದು ಒಬ್ಬೊಬ್ಬ ಬೇಟೆಗಾರನನ್ನು. ನಮ್ಮ ಮಲೆನಾಡಿನ ಶಿಕಾರಿ ಒಬ್ಬನ ಕೆಲಸವಾಗಿರಲಿಲ್ಲ. ಅದು ಊರಿನ ಕೆಲಸವಾಗಿತ್ತು.

ಇಲ್ಲಿರುವ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತೋ ತಿಳಿಯದು, ಹಳೆಯ ಶಿಕಾರಿಯಲ್ಲಿ ಎರಡು ಮುಖ್ಯ ಬಗೆ ಇದ್ದವು. ಒಂದು ಮರಸು. ನೆಲ್ಲಿಯೋ ತಾರೆಯೋ ಅತ್ತಿಯೋ ಹಣ್ಣು ಉದುರುವ ಕಡೆ, ಇಲ್ಲವೇ ನೀರಿನ ಹತ್ತಿರ, ಮರದ ಮೇಲೆ ಅಟ್ಟಣೆ ಕಟ್ಟಿ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂರುವುದು. ಇನ್ನೊಂದು ಹಳು ನುಗ್ಗಿಸುವುದು. ಊರಿನ ಹತ್ತಾರು ಗಂಡಸರು, ನಾಯಿಗಳು, ಕಾಡಿನ ಒಂದು ಮಗ್ಗುಲಿಂದ ಕೂಗು ಹಾಕುತ್ತಾ, ಪೊದೆ ಬಡಿಯುತ್ತಾ ನುಗ್ಗುತ್ತಾರೆ. ಕೋವಿ ಇದ್ದವರು ಮುಂದೆ ಕಂಡಿಗಳಲ್ಲಿ ಕಾದಿರುತ್ತಾರೆ. ಹಾಗೆ ಕಾಯುವ ಜಾಗಕ್ಕೆ ‘ಬಿಲ್ಲು’ ಎಂದೇ ಹೆಸರು. ಯಾರಿಗೆ ಯಾವ ಬಿಲ್ಲು ಎಂದು ಹಿರಿಯರು ಹೇಳುತ್ತಿದ್ದರು. ಮಿಗ ಬರುವ ಒಳ್ಳೆಯ ಕಂಡಿ ಸಿಕ್ಕಿತೆಂದರೆ ಅವನನ್ನು ಊರು ನಂಬಿದೆ ಎಂದರ್ಥ. ಮೊದಲ ಸಲ ಬಿಲ್ಲಿಗೆ ಕೂತ ಹುಡುಗನಿಗೆ ಅವತ್ತಿನಿಂದ ಗಂಡಸರ ಸಾಲಿನಲ್ಲಿ ಜಾಗ.

ಈಗ ಪಾಲಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯದ ತಿರುಳು ಇಲ್ಲೇ ಇದೆ ಎಂದು ನನ್ನ ನಂಬಿಕೆ.

ಬೆಳೆದ ಗಂಡು ಜಿಂಕೆ 70–90 ಕಿಲೋ ತೂಗುತ್ತದೆ. ಗಂಡು ಕಡವೆ 200 ಕಿಲೋ ದಾಟುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ, ಮಳೆ ನಿಲ್ಲದ ಊರಿನಲ್ಲಿ, ಅಷ್ಟು ಮಾಂಸವನ್ನು ಒಂದು ಮನೆ ಏನು ಮಾಡಬೇಕು? ಸ್ವಲ್ಪ ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಬಹುದು, ಅಷ್ಟೇ. ಉಳಿದದ್ದನ್ನು ಹಂಚಲೇಬೇಕು. ಹೊಳೆ ಬದಿಯಲ್ಲಿ ಬಾಳೆ ಎಲೆಗಳನ್ನು ಸಾಲಾಗಿ ಹಾಸುತ್ತಿದ್ದರು. ಎಷ್ಟು ಎಲೆ ಎಂಬುದರ ಮೇಲೆ ಮೊದಲು ಚರ್ಚೆ. ಹಳು ನುಗ್ಗಿದವನಿಗೆ ಒಂದು, ಕೋವಿಗೆ ಒಂದು, ನಾಯಿಗೂ ಒಂದು. ನಾಯಿಯ ಪಾಲು ನಾಯಿಯ ಯಜಮಾನನ ಮನೆಗೆ ಹೋಗುತ್ತದೆ. ಮೊದಲ ಈಡು ಯಾರದ್ದೋ ಅವನಿಗೆ ವಿಶೇಷ ಪಾಲು. ಕೆಲವು ಕಡೆ ತಲೆ, ಕೆಲವು ಕಡೆ ತೊಡೆ, ಊರಿಂದೂರಿಗೆ ಲೆಕ್ಕ ಬೇರೆ. ಕತ್ತಿ ಹಿಡಿದವನು ಒಂದೊಂದು ಎಲೆಗೂ ಈಲಿ, ಮೂಳೆ, ಕೊಬ್ಬು, ಮೆತ್ತನೆ ಮಾಂಸ ಎಲ್ಲವನ್ನೂ ಸಮ ಹಾಕುತ್ತಾ ಹೋಗುತ್ತಿದ್ದ. ಎಲ್ಲರ ಕಣ್ಣೂ ಅವನ ಕೈಯ ಮೇಲೆ. ಯಾರೂ ಮಾತಾಡುತ್ತಿರಲಿಲ್ಲ. ಹಾಕಿ ಮುಗಿದ ಮೇಲೆ ಆ ಎಲೆಯಿಂದ ಈ ಎಲೆಗೆ ಒಂದು ತುಂಡು ಬದಲಾಯಿಸಿ, ಹಿರಿಯರ ಮುಖ ನೋಡಿ, ಅವರು ತಲೆಯಾಡಿಸಿದ ಮೇಲೆ ಪಾಲು ಎತ್ತುತ್ತಿದ್ದರು. ಬರಲಾಗದ ಮುದುಕರ ಮನೆಗೆ, ಬಾಣಂತಿ ಇರುವ ಮನೆಗೆ ಬೇರೆ ಎಲೆ ಕಟ್ಟಿ ಹುಡುಗರ ಕೈಯಲ್ಲಿ ಕಳಿಸುತ್ತಿದ್ದರು.

ಲೆಕ್ಕ ಹಾಕಿ ನೋಡಿ. ಕೊನೆಗೆ ಒಂದು ಮನೆಗೆ ಬರುತ್ತಿದ್ದದ್ದು ಒಂದು ಹೊತ್ತಿನ ಸಾರಿಗಾಗುವಷ್ಟು. ಅಷ್ಟಕ್ಕಾಗಿ ಇಡೀ ದಿನದ ಗದ್ದೆ ಕೆಲಸ ಬಿಟ್ಟು ಯಾರು ಹೋಗುತ್ತಾರೆ? ಅಲ್ಲಿ ನಿಜವಾಗಿ ಸಿಗುತ್ತಿದ್ದದ್ದು ಕೊಡುವವನ ಸ್ಥಾನ. ‘ಇವತ್ತಿನ ಕಡವೆ ಹೊಡೆದದ್ದು ಇಂಥವರು’ ಎಂಬ ಮಾತು ಮಾಂಸದ ಜೊತೆ ಮನೆಮನೆಗೆ ಹೋಗುತ್ತಿತ್ತು. ಸಾಲ ಕೇಳುವಾಗ, ಮಗಳಿಗೆ ಗಂಡು ನೋಡುವಾಗ, ಪಂಚಾಯ್ತಿಯಲ್ಲಿ ಮಾತಾಡುವಾಗ ಆ ಹೆಸರು ಉಪಯೋಗಕ್ಕೆ ಬರುತ್ತಿತ್ತು. ನನ್ನ ಪರಿಚಯದ ಒಬ್ಬ ಹಿರಿಯರು ಕೋವಿ ಮುಟ್ಟದೆ ಎಷ್ಟೋ ಕಾಲವಾಗಿದೆ. ಅವರನ್ನು ಕೇಳಿದ್ದೆ, ‘ಅಜ್ಜಯ್ಯ, ನಿಮಗೆ ಮಿಗದ ಮಾಂಸ ಅಷ್ಟು ಇಷ್ಟನಾ?’ ಅಂತ. ‘ಇಲ್ಲ ಮಾರಾಯ, ನಂಗೆ ಕೋಳಿಯೇ ಸೈ. ಮಿಗ ಹೊಡೆದ ದಿನ ಊರೆಲ್ಲ ನಮ್ಮ ಅಂಗಳಕ್ಕೆ ಬರ್ತಿತ್ತಲ್ಲ, ಅದು ಬೇಕಿತ್ತು ನಂಗೆ’ ಅಂದರು.

ಇದು ಇಂದು ನಿನ್ನೆಯ ಆಸೆಯಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ಬಗ್ಗೆ ಚರಿತ್ರೆ ವಿದ್ಯಾರ್ಥಿಗಳು ಓದಿರುತ್ತೀರಿ. ಕ್ರಿ.ಶ. 949–50ರ ಕಾಲದ್ದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದ ನಂತರ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಇಲ್ಲಿ ಪ್ರಾಣಿ ಜಿಂಕೆಯಲ್ಲ, ಹಂದಿ. ಆದರೆ ಶಾಸನದಲ್ಲಿ ಏನು ಉಳಿದಿದೆ ನೋಡಿ. ಮಾಂಸದ ಮಾತೇ ಇಲ್ಲ. ಉಳಿದದ್ದು ನಾಯಿಯ ಕೆಚ್ಚು ಮತ್ತು ಅದರ ಒಡೆಯನ ಹೆಸರು.

ಕೊಡಗಿನಲ್ಲಿ ಈ ಹೆಸರಿನ ಆಸೆ ಕೋವಿಯ ಸುತ್ತ ಗಟ್ಟಿಯಾಗಿದೆ. ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಬ್ರಿಟಿಷರ ಕಾಲದಿಂದ ಬಂದ ಶಸ್ತ್ರ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಹಬ್ಬದ ದಿನ ಈಗ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಗುರಿಕಾರನಿಗೆ ಊರೆದುರು ಸಿಗುವ ಮರ್ಯಾದೆ ಹಾಗೇ ಉಳಿದಿದೆ, ಸಾಯುವ ಮಿಗ ಮಾತ್ರ ಇಲ್ಲ. ಆಸೆಗೆ ಬೇರೆ ದಾರಿ ಕೊಟ್ಟ ಒಳ್ಳೆಯ ಉದಾಹರಣೆ ಇದು. ಇನ್ನಷ್ಟು ಊರುಗಳು ಇದನ್ನು ಕಲಿಯಬೇಕು.

ಹೆಸರಿನ ಆಸೆಯ ಪಕ್ಕದಲ್ಲೇ ಇನ್ನೊಂದಿದೆ, ಕಾಡು ಗೊತ್ತಿದೆ ಎಂಬ ಹೆಮ್ಮೆ. ಒಳ್ಳೆಯ ಶಿಕಾರಿಗೆ ಹೆಜ್ಜೆ ನೋಡಿ ಗಂಡೋ ಹೆಣ್ಣೋ ಹೇಳಲು ಬರುತ್ತಿತ್ತು. ಹಿಕ್ಕೆ ಮುಟ್ಟಿ ಎಷ್ಟು ಹೊತ್ತಿನದು ಅನ್ನುತ್ತಿದ್ದ. ಕಡವೆ ಕೆಸರಿನಲ್ಲಿ ಹೊರಳಿದ ಗುಂಡಿ, ಕೊಂಬು ತಿಕ್ಕಿ ತೊಗಟೆ ಎದ್ದ ಮರ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಕಾಡುಕುರಿ ಎಂಬ ಸಣ್ಣ ಜಿಂಕೆ ಬೊಗಳಿದ್ದು ಹುಲಿಯನ್ನು ಕಂಡೋ ಮನುಷ್ಯನನ್ನು ಕಂಡೋ, ಇವೆಲ್ಲ ಅವನಿಗೆ ಓದಲು ಬರುವ ಅಕ್ಷರಗಳು. ಶಾಲೆ ಮೆಟ್ಟಿಲು ಹತ್ತದ ಎಷ್ಟೋ ಜನಕ್ಕೆ ಊರು ತಲೆಬಾಗುತ್ತಿದ್ದ ಒಂದೇ ಒಂದು ವಿದ್ಯೆ ಇದು. ಬೇಟೆ ಬಿಡು ಎಂದರೆ, ನಿನಗೆ ಬರುವ ಏಕೈಕ ವಿದ್ಯೆಯನ್ನು ಮರೆತುಬಿಡು ಎಂದು ಅವನಿಗೆ ಕೇಳಿಸುತ್ತದೆ.

ಈ ವಿದ್ಯೆಗೆ ಕಟ್ಟುಪಾಡೂ ಇತ್ತು. ಗಬ್ಬದ ಮಿಗಕ್ಕೆ, ಮರಿ ಜೊತೆಗಿರುವ ಹೆಣ್ಣಿಗೆ ಈಡು ಹಾಕಬಾರದು ಎನ್ನುತ್ತಿದ್ದರು. ಪಾಂಡುರಾಜನ ಕಥೆ ನೆನಪಿಸಿಕೊಳ್ಳಿ. ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿ ಸಾಯುವಾಗ, ರಾಜ ಜಿಂಕೆಯನ್ನು ಕೊಂದದ್ದಕ್ಕೆ ನಾನು ದೂರುವುದಿಲ್ಲ, ಕೂಡುವ ಹೊತ್ತಿನಲ್ಲಿ ಕೊಂದೆಯಲ್ಲ ಎಂದು ಶಪಿಸುತ್ತಾನೆ. ನಮ್ಮ ಹಿರಿಯ ಶಿಕಾರಿಗಳು ಈ ಕಥೆಯನ್ನು ಹುಡುಗರಿಗೆ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಆದರೆ ಈ ಕಟ್ಟುಪಾಡನ್ನು ಎಲ್ಲರೂ ಪಾಲಿಸುತ್ತಿದ್ದರು ಎಂದು ನಾನು ಹೇಳಲಾರೆ. ಕಾಡು ದೊಡ್ಡದಿದ್ದು ಕೋವಿ ಕಡಿಮೆ ಇದ್ದಾಗ, ಪಾಲಿಸದವರ ತಪ್ಪನ್ನೂ ಕಾಡು ತಾಳಿಕೊಂಡಿತು.

ಹಸಿವಿನ ಮಾತಿಗೆ ಬರೋಣ. ಹಸಿವಿಗಾಗಿಯೇ ಬೇಟೆಯಾಡಿದವರು ಇದ್ದರು. ಜೇನು ಕುರುಬರು, ಬೆಟ್ಟ ಕುರುಬರು, ಸೋಲಿಗರಿಗೆ ಬೇಟೆ ಬದುಕಿನ ಒಂದು ಭಾಗವೇ ಆಗಿತ್ತು. ಗೆಣಸು, ಜೇನು, ಹಣ್ಣಿನ ಜೊತೆಗೆ ಮಾಂಸ. ಅವರ ಕೈಯಲ್ಲಿ ರೈಫಲ್ ಇರಲಿಲ್ಲ, ಗೋಡೆಗೆ ಕೊಂಬು ತಗುಲಿಹಾಕುವ ಬಂಗಲೆಯೂ ಇರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಅವರ ಎಷ್ಟೋ ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪಿಕೊಂಡಿದೆ, ಬೇಟೆಯ ಹಕ್ಕನ್ನು ಮಾತ್ರ ಹೆಸರಿಸಿಯೇ ಹೊರಗಿಟ್ಟಿದೆ. ಅದನ್ನು ನಾನು ಒಪ್ಪುತ್ತೇನೆ. ಆದರೆ ಅವರಿಂದ ಆ ಮಾಂಸ ಕಸಿದುಕೊಂಡ ಮೇಲೆ ಅದರ ಜಾಗಕ್ಕೆ ಅವರ ತಟ್ಟೆಗೆ ಏನು ಬಂತು ಎಂದು ಕೇಳುವ ಹೊಣೆ ನಮ್ಮದು. ಅಕ್ಕಿ ಬಂತು. ಅಕ್ಕಿಯಲ್ಲಿ ಮಾಂಸದ ಸತ್ವ ಇಲ್ಲ.

ಇನ್ನು ಸಿಟ್ಟು. ಇದನ್ನು ಪೇಟೆಯವರು ಅರ್ಥಮಾಡಿಕೊಳ್ಳುವುದು ಕಡಿಮೆ. ಬಂಡೀಪುರದ ಅಂಚಿನಲ್ಲಿ ರಾಗಿ, ಹುರುಳಿ ಬೆಳೆದವನ ಹೊಲಕ್ಕೆ ರಾತ್ರಿ ಜಿಂಕೆ ಹಿಂಡು ಇಳಿದರೆ ಬೆಳಗ್ಗೆ ಅಲ್ಲಿ ಬರೀ ಕೂಳೆ. ಕೊಪ್ಪಳ, ಗದಗ, ಹಾವೇರಿ ಕಡೆ ಹೋದರೆ ಅಲ್ಲಿ ಜಿಂಕೆ ಎನ್ನುವುದು ಕೃಷ್ಣಮೃಗಕ್ಕೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಅದಕ್ಕೆಂದೇ ಅಭಯಾರಣ್ಯವಾಯಿತು. ಆದರೆ ಹಿಂಡು ಅಭಯಾರಣ್ಯದ ಗಡಿ ಓದಿಕೊಂಡು ಓಡಾಡುವುದಿಲ್ಲವಲ್ಲ. ಮೊಳಕೆಯೊಡೆದ ಶೇಂಗಾ, ಜೋಳ, ಮೆಕ್ಕೆಜೋಳದ ಹೊಲಗಳೇ ಅದರ ಮೇವಿನ ಬಯಲು. ಸಾಲ ಮಾಡಿ ಬಿತ್ತಿದವನಿಗೆ ಆ ಪ್ರಾಣಿಯ ಮೇಲೆ ಬರುವ ಸಿಟ್ಟು ನಿಜವಾದದ್ದು. ಸಿಟ್ಟಿನಿಂದ ಶುರುವಾದದ್ದು ಅಲ್ಲಿಗೇ ನಿಲ್ಲುವುದಿಲ್ಲ ಎನ್ನುವುದೂ ನಿಜ. ಬೆಳೆ ಕಾಯಲು ಒಡ್ಡಿದ ಉರುಳಿಗೆ ಮೊದಲ ಮಿಗ ಬಿದ್ದ ದಿನ ಅದು ಮಾಂಸವಾಗುತ್ತದೆ. ಎರಡನೆಯ ಸಲ ಉರುಳು ಒಡ್ಡುವಾಗ ಮನಸ್ಸಿನಲ್ಲಿ ಬೆಳೆಯ ಯೋಚನೆ ಕಡಿಮೆ, ಸಾರಿನ ಯೋಚನೆ ಹೆಚ್ಚು.

ಮತ್ತೊಂದು ವರ್ಗ ಇದೆ, ತಾನು ಕೋವಿ ಮುಟ್ಟದೆ ಬೇಟೆಯನ್ನು ಬೇಡುವವರು. ಉಪನಯನದ ವಟುವಿನ ಜನಿವಾರಕ್ಕೆ ಕೃಷ್ಣಾಜಿನದ, ಅಂದರೆ ಕೃಷ್ಣಮೃಗದ ಚರ್ಮದ ಚೂರು ಕಟ್ಟುತ್ತಾರೆ. ಊತಕ್ಕೆ ಜಿಂಕೆ ಕೊಂಬು ತೇಯ್ದು ಹಚ್ಚುತ್ತಾರೆ. ಹಳೆಯ ಮನೆಗಳ ಪಡಸಾಲೆಯಲ್ಲಿ ಕೊಂಬಿನ ತಲೆಗಳು ಇನ್ನೂ ಇವೆ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕದ ಗದ್ದಲ ಎದ್ದಾಗ ಎಷ್ಟು ಮನೆಗಳಲ್ಲಿ ಪೆಟ್ಟಿಗೆಗಳು ತೆರೆದು ಮುಚ್ಚಿಕೊಂಡವು, ನಿಮಗೆಲ್ಲ ಗೊತ್ತು. ಹಾಕಿಕೊಂಡವರಲ್ಲಿ ಹೆಚ್ಚಿನವರು ಹುಲಿಯನ್ನು ಕಾಡಿನಲ್ಲಿ ನೋಡಿದವರೂ ಅಲ್ಲ. ಮಾಂಸಾಹಾರಿಗಳನ್ನಷ್ಟೇ ಬೈದು ಕೈ ತೊಳೆದುಕೊಳ್ಳುವುದು ಸರಿಯಲ್ಲ ಎಂದು ಹೇಳಲು ಇದನ್ನು ಎತ್ತಿದೆ. ಜಿಂಕೆಯ ಕೊಂಬು ಕಾಲಕಾಲಕ್ಕೆ ಉದುರಿ ಮತ್ತೆ ಹುಟ್ಟುವಂಥದ್ದು. ಆದರೂ ಉದುರಿದ ಕೊಂಬನ್ನೂ ಮನೆಗೆ ತರಬಾರದು ಎಂದು ಕಾನೂನು ಹೇಳುವುದು ಯಾಕೆಂದರೆ, ಉದುರಿದ್ದು ಯಾವುದು, ಕೊಂದು ತೆಗೆದದ್ದು ಯಾವುದು ಎಂಬ ವಾದಕ್ಕೆ ಕೊನೆ ಇರುವುದಿಲ್ಲ.

ಈಗ ಮುಖ್ಯ ಬದಲಾವಣೆಗೆ ಬರುತ್ತೇನೆ. ನಾನು ಹೇಳಿದ ಹಳೆಯ ಕಾರಣಗಳು, ಅಂದರೆ ಊರು, ಪಾಲು, ಹೆಸರು, ವಿದ್ಯೆ, ಒಂದೊಂದಾಗಿ ಕಳಚಿಕೊಂಡಿವೆ. ಬೇಟೆ ಮಾತ್ರ ಉಳಿದಿದೆ.

ಕಾನೂನು ಬಂದ ಮೇಲೆ ಹಳು ನುಗ್ಗಿಸುವುದು ನಿಂತಿತು. ಐವತ್ತು ಜನ ಕೂಗು ಹಾಕುತ್ತಾ ಗುಟ್ಟಾಗಿ ಬೇಟೆಯಾಡಲು ಆಗುವುದಿಲ್ಲವಲ್ಲ. ಒಳ್ಳೆಯದೇ ಆಯಿತು. ಆದರೆ ಅದರ ಜಾಗಕ್ಕೆ ಜೀಪು ಮತ್ತು ತಲೆಗೆ ಕಟ್ಟುವ ಲೈಟು ಬಂದವು. ಬೆಳಕಿಗೆ ಸಿಕ್ಕ ಜಿಂಕೆ ಕಣ್ಣು ಹೊಳೆಸುತ್ತಾ ನಿಂತುಬಿಡುತ್ತದೆ. ಕಾಣುವುದು ಎರಡು ಕಣ್ಣು, ಅಷ್ಟೇ. ಗಂಡೋ, ಗಬ್ಬದ ಹೆಣ್ಣೋ, ಹಿಂದೆ ಮರಿ ಇದೆಯೋ, ತಿಳಿಯುವುದಿಲ್ಲ, ತಿಳಿಯುವ ಗೋಜಿಗೂ ಯಾರೂ ಹೋಗುವುದಿಲ್ಲ. ಹೆಜ್ಜೆ ಓದುವ ವಿದ್ಯೆ ಬೇಕಿಲ್ಲ, ಗಾಳಿ ನೋಡಬೇಕಿಲ್ಲ, ಹಿರಿಯರು ಜೊತೆಗಿಲ್ಲ. ಮೂರು ನಾಲ್ಕು ಸ್ನೇಹಿತರು, ಒಂದು ಬಾಟಲಿ, ಒಂದು ಫ್ರಿಜ್. ಪಾಲು ಹಾಕುವ ಅನಿವಾರ್ಯ ಹೋಯಿತು, ಏಕೆಂದರೆ ಮಾಂಸ ಈಗ ಕೆಡುವುದಿಲ್ಲ. ಹೇಳಿಕೊಳ್ಳುವಂತಿಲ್ಲದ ಮಾಂಸವನ್ನು ನೆರೆಮನೆಗೆ ಕೊಡುವವರು ಯಾರು? ಉಳಿದದ್ದು ಗೊತ್ತಿರುವವರಿಗೆ ಮಾರಾಟ.

ಇನ್ನೂ ಕೆಟ್ಟದ್ದು ಉರುಳು. ತೋಟದ ಬೇಲಿಗಳಲ್ಲಿ ನಾನು ಕಂಡ ಉರುಳು ಹೇಗಿರುತ್ತದೆಂದು ಹೇಳುತ್ತೇನೆ. ಬೈಕಿನ ಹಳೆಯ ಕ್ಲಚ್ ಕೇಬಲ್ಲು. ಒಂದು ತುದಿಯನ್ನು ಬೇಲಿ ಗೂಟಕ್ಕೋ ಕಾಫಿ ಬುಡಕ್ಕೋ ಬಿಗಿದಿರುತ್ತಾರೆ. ಇನ್ನೊಂದು ತುದಿಯಲ್ಲಿ ಜಾರುಕುಣಿಕೆ, ಮಿಗ ತಲೆ ತಗ್ಗಿಸಿ ನುಸುಳುವ ಎತ್ತರಕ್ಕೆ. ಎರಡು ಕಡೆ ಒಣ ಕಡ್ಡಿ ನೆಟ್ಟು ದಾರಿ ಕಿರಿದು ಮಾಡಿರುತ್ತಾರೆ. ಕುತ್ತಿಗೆಗೆ ಬಿದ್ದರೆ ಬೇಗ ಸಾವು. ಕಾಲಿಗೋ ಸೊಂಟಕ್ಕೋ ಬಿದ್ದರೆ ಎರಡು ಮೂರು ದಿನ. ಪ್ರಾಣಿ ಜಗ್ಗಿದ ಹಾಗೆ ತಂತಿ ಚರ್ಮ ಕತ್ತರಿಸಿ ಮೂಳೆಯವರೆಗೆ ಹೋಗುತ್ತದೆ. ಸುತ್ತಲಿನ ನೆಲ ಗೊರಸಿನ ಗೀರಿನಿಂದ ಉತ್ತ ಹಾಗೆ ಆಗಿರುತ್ತದೆ. ಒಡ್ಡಿದವನು ಮರೆತರೆ ಅಲ್ಲೇ ಕೊಳೆಯುತ್ತದೆ. ಅದೇ ಉರುಳಿಗೆ ಚಿರತೆ ಬೀಳುತ್ತದೆ, ಮೇಯಲು ಹೋದ ಕರು ಬೀಳುತ್ತದೆ. ಇದರಲ್ಲಿ ಯಾವ ಹಳೆಯ ಕಾರಣ ಉಳಿದಿದೆ ಹೇಳಿ. ಧೈರ್ಯ ಇಲ್ಲ, ವಿದ್ಯೆ ಇಲ್ಲ, ಪಾಲು ಇಲ್ಲ. ‘ನಮ್ಮ ಹಿರಿಯರ ಪದ್ಧತಿ’ ಎಂದು ಇದನ್ನು ಸಮರ್ಥಿಸಿಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಿರಿಯರ ಪದ್ಧತಿಯಲ್ಲಿ ಊರೆದುರು ಎಲೆ ಹಾಸುತ್ತಿದ್ದರು. ಕದ್ದು ತಂತಿ ಕಟ್ಟುತ್ತಿರಲಿಲ್ಲ.

ಇದರ ಪರಿಣಾಮ ಏನು? ಒಂದು ಹುಲಿಗೆ ಹೆಚ್ಚುಕಡಿಮೆ ವಾರಕ್ಕೊಂದು ದೊಡ್ಡ ಪ್ರಾಣಿ ಬೇಕು, ವರ್ಷಕ್ಕೆ ಸುಮಾರು 50. ಅಷ್ಟು ವರ್ಷ ವರ್ಷ ಸಿಗುತ್ತಿರಬೇಕಾದರೆ ಅದರ ವ್ಯಾಪ್ತಿಯಲ್ಲಿ ಸುಮಾರು 500 ಮಿಗಗಳು ಬದುಕಿರಬೇಕು. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ದಶಕಗಳ ಕೆಲಸದಿಂದ ತೋರಿಸಿದ್ದು ಇದನ್ನೇ. ಹುಲಿಯ ಸಂಖ್ಯೆಯನ್ನು ನಿರ್ಧರಿಸುವುದು ಮಿಗದ ಸಂಖ್ಯೆ. ಎಂ.ಡಿ. ಮಧುಸೂದನ್ ಮತ್ತು ಕಾರಂತರು 2002ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಪಶ್ಚಿಮ ಘಟ್ಟದ್ದೇ. ಕಾವಲು ಗಟ್ಟಿ ಇರುವ ಕಾಡಿಗೂ ಸ್ಥಳೀಯರ ಬೇಟೆ ನಡೆಯುವ ಕಾಡಿಗೂ ದೊಡ್ಡ ಪ್ರಾಣಿಗಳ ಸಾಂದ್ರತೆಯಲ್ಲಿ ಎಷ್ಟು ಅಂತರವಿದೆ ಎಂದು ಅದು ತೋರಿಸಿತು. ಮರ ಹಾಗೇ ನಿಂತಿರುತ್ತದೆ, ಹಸಿರು ಹಾಗೇ ಇರುತ್ತದೆ, ಒಳಗೆ ಪ್ರಾಣಿ ಇರುವುದಿಲ್ಲ. ಮಿಗ ಇಲ್ಲದ ಕಾಡಿನ ಚಿರತೆ ನಿಮ್ಮ ನಾಯಿಗೆ, ಕರುವಿಗೆ ಬರುತ್ತದೆ.

ಮರಕ್ಕೂ ಇದರ ಪೆಟ್ಟು ಇದೆ. ಜಿಂಕೆ, ಕಾಡುಕುರಿ, ಬರ್ಕ ಎಂಬ ಪುಟ್ಟ ಮಿಗ, ಇವು ನೆಲ್ಲಿಕಾಯಿ ನುಂಗಿ, ಬೇರೆಲ್ಲೋ ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗುಳುತ್ತವೆ. ಕಾಡಿನಲ್ಲಿ ನೆಲ್ಲಿ ಹರಡುವುದು ಮುಖ್ಯವಾಗಿ ಹೀಗೆ. ನೆಲ್ಲಿ ಮರದ ಮೇಲೆ ಮರಸು ಕೂತವನು ಆ ಮರದ ಬೀಜ ಬಿತ್ತುವವನನ್ನೇ ಹೊಡೆಯುತ್ತಾನೆ.

ಹೆಂಗಸರ ಬಗ್ಗೆ ಒಂದು ಮಾತು. ಬೇಟೆಯ ಕಥೆಗಳನ್ನು ನಮಗೆ ಹೇಳಿದವರೆಲ್ಲ ಗಂಡಸರು. ನಮ್ಮ ಅಮ್ಮನನ್ನು, ಅತ್ತೆಯಂದಿರನ್ನು ಕೇಳಿದಾಗ ಬೇರೆಯೇ ಕಥೆ ಬಂತು. ನಡುರಾತ್ರಿ ಬಾಗಿಲು ಬಡಿದು ಮಾಂಸ ಇಳಿಸಿದರೆ ಒಲೆ ಹಚ್ಚಿ ಮಸಾಲೆ ಅರೆಯಬೇಕಾದವರು ಅವರು. ರೇಂಜರು ಬಂದರೆ ಪಾತ್ರೆ ಎಲ್ಲಿ ಬಚ್ಚಿಡಬೇಕೆಂದು ಯೋಚಿಸಬೇಕಾದವರೂ ಅವರೇ. ಗಂಡ ಜೈಲಿಗೆ ಹೋದರೆ ವಕೀಲರ ಫೀಸಿಗೆ ಸರ ಅಡವಿಡುವವರೂ ಅವರೇ. ಬೇಟೆ ಬಿಟ್ಟ ಮನೆಗಳಲ್ಲಿ ಎಷ್ಟೋ ಕಡೆ ಅದನ್ನು ಬಿಡಿಸಿದ್ದು ಕಾಯ್ದೆಯಲ್ಲ, ಹೆಂಡತಿಯ ಹಟ. ಜಾಗೃತಿ ಸಭೆ ಮಾಡುವ ಇಲಾಖೆಯವರು ಗಂಡಸರನ್ನು ಮಾತ್ರ ಕರೆಯುವುದನ್ನು ಬಿಡಬೇಕು.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೊದಲನೆಯದು ಒಬ್ಬ ವಿದ್ಯಾರ್ಥಿಯದು: ಅಮೆರಿಕದಲ್ಲಿ ಲೈಸೆನ್ಸ್ ಕೊಟ್ಟು ಬೇಟೆಯಾಡಿಸಿಯೂ ಜಿಂಕೆ ಉಳಿದಿವೆಯಲ್ಲ ಸರ್, ಇಲ್ಲಿ ಯಾಕೆ ಆಗಬಾರದು?

ಒಳ್ಳೆಯ ಪ್ರಶ್ನೆ. ಅಲ್ಲಿ 1900ರ ಹೊತ್ತಿಗೆ ಬಿಳಿಬಾಲದ ಜಿಂಕೆ ಐದು ಲಕ್ಷದಷ್ಟೂ ಉಳಿದಿರಲಿಲ್ಲ ಎಂಬ ಅಂದಾಜಿದೆ. ಈಗ ಸುಮಾರು ಮೂರು ಕೋಟಿ. ಬೇಟೆಯ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೇ ಕೊಡಬೇಕೆಂದು 1937ರಲ್ಲಿ ಅವರು ಕಾನೂನು ಮಾಡಿದರು. ಅದು ದೊಡ್ಡ ಕೆಲಸ, ಮೆಚ್ಚಬೇಕು. ಆದರೆ ಅಲ್ಲಿ ಬಹುಪಾಲು ಕಡೆ ತೋಳವನ್ನು, ಪ್ಯೂಮಾವನ್ನು ಜನ ಮೊದಲೇ ಕೊಂದು ಮುಗಿಸಿದ್ದರು. ಈಗ ಅವುಗಳ ಕೆಲಸವನ್ನು ಬಂದೂಕು ಮಾಡುತ್ತಿದೆ. ನಮ್ಮ ಕಾಡಿನಲ್ಲಿ ಆ ಕೆಲಸ ಮಾಡಲು ಹುಲಿ, ಚಿರತೆ, ಸೀಳುನಾಯಿ ಮೂರೂ ಇವೆ. ಅವುಗಳ ಊಟದಲ್ಲಿ ನಾವು ಪಾಲು ಕೇಳಬಾರದು. ಇನ್ನೊಂದು, ಲೈಸೆನ್ಸ್ ಎಂದರೆ ಲೆಕ್ಕ ಇಡಬೇಕು, ಪರಿಶೀಲಿಸಬೇಕು. ಒಂದು ಬೀಟಿಗೆ ಒಬ್ಬ ಗಾರ್ಡ್, ಅವನಿಗೂ ಬೇರೆ ನಾಲ್ಕು ಕೆಲಸ ಇರುವ ಕಡೆ ಆ ಲೆಕ್ಕ ಯಾರು ಇಡುತ್ತಾರೆ?

ಎರಡನೆಯದು ಒಬ್ಬ ರೈತರದು, ಸ್ವಲ್ಪ ಸಿಟ್ಟಿನಲ್ಲೇ ಕೇಳಿದರು: ಹಾಗಾದರೆ ನಮ್ಮ ಬೆಳೆ ತಿಂದರೆ ಸುಮ್ಮನಿರಬೇಕಾ?

ಸುಮ್ಮನಿರಬೇಡಿ. ಬೆಳೆ ಹಾನಿಗೆ ಪರಿಹಾರ ಕೊಡುವ ವ್ಯವಸ್ಥೆ ಸರ್ಕಾರದಲ್ಲಿದೆ. ಹಾನಿಯಾದ ಬೆಳಗ್ಗೆಯೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಹೆಜ್ಜೆ ಕಾಣುವ ಹಾಗೆ. ಹೊಲದ ಸರ್ವೆ ನಂಬರು, ಪಹಣಿ ಜೊತೆಗಿಟ್ಟು ಅರ್ಜಿ ಕೊಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ. ಒಬ್ಬೊಬ್ಬರೇ ಹೋಗಬೇಡಿ, ಊರಿನವರೆಲ್ಲ ಒಟ್ಟಿಗೆ ಹೋಗಿ. ಹಿಂದೆ ಹಳು ನುಗ್ಗಲು ಹೇಗೆ ಐವತ್ತು ಜನ ಸೇರುತ್ತಿದ್ದರೋ ಹಾಗೆ ರೇಂಜ್ ಆಫೀಸಿನ ಮುಂದೆ ಸೇರಿ. ಪರಿಹಾರ ಸಾಲದು, ತಡವಾಗುತ್ತದೆ, ಅದು ನನಗೂ ಗೊತ್ತು, ಅದಕ್ಕಾಗಿ ನಿಮ್ಮ ಜೊತೆ ನಾನೂ ಬರುತ್ತೇನೆ. ಬೇಲಿಯಲ್ಲಿ ತಂತಿ ಮಾತ್ರ ಕಟ್ಟಬೇಡಿ. ಕಟ್ಟಿದ್ದರೆ ಈ ವಾರವೇ ಬಿಚ್ಚಿ. ತೋಟದ ಮಾಲೀಕರು ಕೊಯ್ಲಿಗೆ ಮುಂಚೆ ಒಂದು ಸುತ್ತು ಬೇಲಿ ನೋಡಿಸಿ. ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುವ ಹಿರಿಯರಿಗೆ ಮಿಗ ನುಸುಳುವ ಜಾಗ ಯಾವುದೆಂದು ಯಾವ ಗಾರ್ಡಿಗಿಂತಲೂ ಚೆನ್ನಾಗಿ ಗೊತ್ತು. ಅವರನ್ನು ಕರೆದುಕೊಂಡು ಹೋಗಿ, ದಿನಗೂಲಿ ಕೊಟ್ಟು, ಊಟ ಹಾಕಿ. ಹುಡುಗರೂ ಜೊತೆಗೆ ಹೋಗಿ ಹೆಜ್ಜೆ ಓದುವುದನ್ನು ಅವರಿಂದಲೇ ಕಲಿಯಿರಿ.